ಅಣಬೆಯ ಕೋಣೆಗೊಂದು ಎಚ್ಚರದ ಯಂತ್ರ

ಬಯಲಿನಲ್ಲಿ ಬಿತ್ತಿದ ರೈತನು ಮಳೆಗಾಗಿ ಮುಗಿಲನ್ನು ನೋಡುತ್ತಾನೆ. ಮಳೆ ತಪ್ಪಿದರೆ ಅವನೊಬ್ಬನಿಗೆ ತಪ್ಪುವುದಿಲ್ಲ, ಸೀಮೆಗೆಲ್ಲ ತಪ್ಪುತ್ತದೆ. ಬಂದರೆ ನೆರೆಹೊರೆಯ ಹೊಲಗಳಿಗೂ ಬರುತ್ತದೆ. ಅಣಬೆಯನ್ನು ಬೆಳೆಯುವ ಕೋಣೆಯ ರೀತಿಯೇ ಬೇರೆ. ಅಲ್ಲಿ ತಂಪು, ತೇವ, ಬೆಳಕು, ಗಾಳಿ ಎಂಬ ನಾಲ್ಕನ್ನೂ ಬೆಳೆಯುವವರೇ ಕೈಯಾರೆ ಒದಗಿಸಬೇಕು. ಬೇಸಗೆಯ ಒಂದು ಮಧ್ಯಾಹ್ನ ಅವುಗಳಲ್ಲಿ ಒಂದು ತಪ್ಪಿದರೂ ಇಪ್ಪತ್ತು ದಿನಗಳ ದುಡಿಮೆ ಒಣಗಿಹೋಗುವುದುಂಟು.

ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಅನೇಕ ಮನೆಗಳಲ್ಲಿ, ತಾಯಂದಿರ ಸ್ವಸಹಾಯ ಸಂಘಗಳಲ್ಲಿ, ಅಣಬೆಯ ಬೇಸಾಯವು ಹಿತ್ತಲ ಕೋಣೆಯ ಉಪಕಸುಬಾಗಿ ಕಾಲಿಟ್ಟಿದೆ. ಅದರ ಬೆನ್ನಿಗೇ ಇನ್ನೊಂದು ವಸ್ತುವೂ ಬರುತ್ತಿದೆ. ಕೋಣೆಯ ಉಷ್ಣತೆಯನ್ನೂ ತೇವವನ್ನೂ ತಾನೇ ಅಳೆದು, ನೀರಿನ ಮಂಜನ್ನು ತಾನೇ ಹಾಯಿಸಿ, ಏನಾದರೂ ಕೆಟ್ಟರೆ ಮೊಬೈಲಿಗೆ ಸುದ್ದಿ ಕಳುಹಿಸುವ ಯಂತ್ರವದು. ಇಂಥದನ್ನು ಕೊಳ್ಳಬೇಕೆ, ಬೇಡವೆ, ಕೊಂಡರೆ ಮನೆಯಲ್ಲಿ ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಗೃಹಸ್ಥರು ಕೇಳಬೇಕಾದ ಕಾಲ ಬಂದಿದೆ. ಈ ಲೇಖನದಲ್ಲಿ ನಾವು ಅದನ್ನು ಬಿಡಿಸಿ ನೋಡಲೆಳಸಿದ್ದೇವೆ.

ಅಣಬೆ ಯಾವ ಬಗೆಯ ಆಹಾರ?

ಮೊದಲಿಗೆ ನಮ್ಮ ಮನೆಗಳಲ್ಲಿ ಹಿರಿಯರು ಎತ್ತುವ ಸಂದೇಹವೊಂದಿದೆ: ಅಣಬೆ ಸಸ್ಯಾಹಾರವೇ? ಅಣಬೆಯು ಗಿಡವಲ್ಲ, ಪ್ರಾಣಿಯೂ ಅಲ್ಲ. ಅದು ಶಿಲೀಂಧ್ರ. ಅಮೆರಿಕದ ವಿಜ್ಞಾನಿ ರಾಬರ್ಟ್ ವಿಟೇಕರ್ ಅವರು ೧೯೬೯ರಲ್ಲಿ ಜೀವರಾಶಿಯನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಪ್ರತ್ಯೇಕವಾದ ಒಂದು ಸಾಮ್ರಾಜ್ಯವನ್ನೇ ಕೊಟ್ಟರು. ಅಣಬೆಯಲ್ಲಿ ಹಸಿರು ದ್ರವ್ಯವಿಲ್ಲವಾದುದರಿಂದ ಅದು ಬಿಸಿಲಿನಿಂದ ತನ್ನ ಅನ್ನವನ್ನು ತಾನು ಮಾಡಿಕೊಳ್ಳಲಾರದು. ಸತ್ತ ಹುಲ್ಲು, ಕಟ್ಟಿಗೆ, ತರಗುಗಳನ್ನು ಕರಗಿಸಿ ಹೀರಿ ಬದುಕುತ್ತದೆ. ಅದರಲ್ಲಿ ರಕ್ತಮಾಂಸಗಳೆಂಬುವಿಲ್ಲ. ನಾವು ಕಣ್ಣಿಗೆ ಕಾಣುವ ಕೊಡೆಯು, ಹುಲ್ಲಿನೊಳಗೆ ಹರಡಿದ ಬಿಳಿಯ ಎಳೆಗಳ ಬಲೆಯಿಂದ ಮೇಲೆದ್ದ ಫಲವಷ್ಟೆ.

ಆಹಾರದ ನಿಯಮದಲ್ಲಿ ಕಟ್ಟುನಿಟ್ಟಾಗಿರುವ ಮನೆಗಳು ಇನ್ನೊಂದು ಸಂಗತಿಯನ್ನೂ ತಿಳಿದಿರುವುದು ಒಳ್ಳೆಯದು. ಗುಂಡಿಯಾಕಾರದ ಬಿಳಿಯ ಬಟನ್ ಅಣಬೆಯನ್ನು ಬೆಳೆಯಲು ಬಳಸುವ ಗೊಬ್ಬರದಲ್ಲಿ ಕೋಳಿಗೊಬ್ಬರವನ್ನು ಸೇರಿಸುವ ಪದ್ಧತಿ ಸಾಮಾನ್ಯವಾಗಿದೆ. ಚಿಪ್ಪಿನಾಕಾರದ ಆಯ್ಸ್ಟರ್ ಅಣಬೆಗೆ, ಅಂದರೆ ಚಿಪ್ಪಣಬೆಗೆ, ಅದಾವುದೂ ಬೇಕಾಗುವುದಿಲ್ಲ. ಶುಚಿ ಮಾಡಿದ ಭತ್ತದ ಹುಲ್ಲೊಂದೇ ಸಾಕು. ಸಣ್ಣ ಮನೆಗಳಿಗೆ ಒಗ್ಗುವ ಬೆಳೆಯೂ ಇದೇ. ಆದುದರಿಂದ ಮುಂದಿನ ಮಾತೆಲ್ಲ ಚಿಪ್ಪಣಬೆಯನ್ನು ಕುರಿತದ್ದು.

ಗುಹೆಯಿಂದ ಕೋಣೆಗೆ

ಅಣಬೆಯನ್ನು ಬೇಸಾಯವಾಗಿ ಬೆಳೆಯುವ ಕಲೆಯು ಫ್ರಾನ್ಸ್ ದೇಶದಲ್ಲಿ ೧೭ನೆಯ ಶತಮಾನದಲ್ಲಿ ಬಟನ್ ಅಣಬೆಯೊಂದಿಗೆ ನೆಲೆಗೊಂಡಿತು. ೧೯ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಬಳಿಯ ನೆಲದಡಿಯ ಹಳೆಯ ಕಲ್ಲುಗಣಿಗಳಿಗೆ ಅಲ್ಲಿನ ಬೆಳೆಗಾರರು ಅಣಬೆಯನ್ನು ಇಳಿಸಿದರು. ಕಾರಣ ಸರಳವಾದುದು. ಗಣಿಯೊಳಗೆ ಬೇಸಗೆಯಲ್ಲೂ ಚಳಿಗಾಲದಲ್ಲೂ ಉಷ್ಣತೆ ಹೆಚ್ಚು ಏರಿಳಿಯದು, ತೇವವೂ ಆರದು. ಅಣಬೆಗೆ ಬೇಕಾದುದು ಈ ಸಮಸ್ಥಿತಿಯೇ. ಇಂದಿನ ಯಂತ್ರಗಳು ಮಾಡಹೊರಟಿರುವುದೂ ಇಷ್ಟೇ. ಗುಹೆಯಲ್ಲದ ಕೋಣೆಗೆ ಗುಹೆಯ ಗುಣವನ್ನು ತರುವುದು.

ಚಿಪ್ಪಣಬೆಯ ಕಥೆಯಲ್ಲಿ ನಮ್ಮ ಕನ್ನಡ ನಾಡಿಗೆ ಗೌರವದ ಸ್ಥಾನವಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಜಕಿಯಾ ಬಾನೋ ಮತ್ತು ಎಚ್.ಸಿ. ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಈ ಜಾತಿಯ ಅಣಬೆಯನ್ನು ಬೆಳೆಯುವ ವಿಧಾನವನ್ನು ಅಭ್ಯಸಿಸಿ ೧೯೬೨ರಲ್ಲಿ ಪ್ರಕಟಿಸಿದರು. ದನಕ್ಕೆ ಹಾಕಿ ಮಿಕ್ಕ ಹುಲ್ಲು ಮನುಷ್ಯನ ಊಟವಾಗಬಲ್ಲುದೆಂದು ತೋರಿಸಿದ ಕೆಲಸವದು. ಮುಂದೆ ೧೯೮೩ರಲ್ಲಿ ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ ಅಣಬೆಗಾಗಿಯೇ ರಾಷ್ಟ್ರೀಯ ಕೇಂದ್ರವು ಆರಂಭವಾಯಿತು. ನಮ್ಮಲ್ಲಿ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಅಣಬೆಯಲ್ಲಿ ಸಂಶೋಧನೆ ನಡೆಸುತ್ತ ತರಬೇತಿಯನ್ನೂ ಕೊಡುತ್ತ ಬಂದಿದೆ. ಮನೆಯ ಹೊರಗೆ ಇಡಬಹುದಾದ, ಸೌರಶಕ್ತಿಯ ಪಂಪಿನಿಂದ ನೀರಿನ ತುಂತುರನ್ನು ಹಾಯಿಸುವ ಸಣ್ಣ ಅಣಬೆ ಘಟಕವೊಂದನ್ನೂ ಈ ಸಂಸ್ಥೆಯವರು ರೂಪಿಸಿದ್ದಾರೆ.

ಬೆಳೆಯ ನಡೆ

ಯಂತ್ರದ ಮಾತಿಗೆ ಮುನ್ನ ಬೆಳೆಯ ನಡೆಯನ್ನು ತಿಳಿಯಬೇಕು. ಭತ್ತದ ಹುಲ್ಲನ್ನು ಎರಡು ಮೂರು ಅಂಗುಲಗಳ ತುಂಡು ಮಾಡಿ, ರಾತ್ರಿಯೆಲ್ಲ ನೆನೆಸಿ, ಬಳಿಕ ಸುಮಾರು ೮೦ ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ಒಂದು ಗಂಟೆಯ ಕಾಲ ಇಟ್ಟು ಶುಚಿ ಮಾಡುತ್ತಾರೆ. ನೀರು ಬಸಿದ ಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು, ಅದೇ ಹದ. ಅದನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಪದರ ಪದರವಾಗಿ ತುಂಬಿ, ನಡುನಡುವೆ ಅಣಬೆ ಬೀಜವನ್ನು ಹರಡಿ, ಬಾಯಿ ಕಟ್ಟಿ, ಸಣ್ಣ ತೂತುಗಳನ್ನು ಮಾಡುತ್ತಾರೆ. ಅಣಬೆ ಬೀಜವೆಂದರೆ ಬೇಯಿಸಿ ಶುದ್ಧಗೊಳಿಸಿದ ಜೋಳ ಅಥವಾ ಗೋಧಿಯ ಕಾಳಿನ ಮೇಲೆ ಬೆಳೆಸಿದ ಶಿಲೀಂಧ್ರದ ಎಳೆ.

ಮೊದಲ ಹದಿನೈದು ಇಪ್ಪತ್ತು ದಿನಗಳು ಕತ್ತಲೆಯ ಕಾಲ. ಆಗ ೨೨ರಿಂದ ೨೮ ಡಿಗ್ರಿಯ ಉಷ್ಣತೆಯಲ್ಲಿ ಬಿಳಿಯ ಎಳೆ ಹುಲ್ಲನ್ನೆಲ್ಲ ಆವರಿಸಿಕೊಳ್ಳುತ್ತದೆ. ಬಳಿಕ ಫಲದ ಕಾಲ. ಆಗ ಚೀಲವನ್ನು ಸೀಳಬೇಕು, ದಿನಕ್ಕೆ ಕೆಲವು ಗಂಟೆ ಮಂದ ಬೆಳಕು ಬೇಕು, ಗಾಳಿಯಾಡಬೇಕು, ಕೋಣೆಯ ತೇವಾಂಶವು ಶೇಕಡಾ ೮೦ರಿಂದ ೯೦ರ ನಡುವೆ ನಿಲ್ಲಬೇಕು. ಕೆಲವೇ ದಿನಗಳಲ್ಲಿ ಮೊಗ್ಗು ಮೂಡಿ ಕೊಯ್ಲಿಗೆ ಬರುತ್ತದೆ. ಒಂದೇ ಚೀಲದಿಂದ ಎರಡು ಮೂರು ಸಲ ಕೊಯ್ಯಬಹುದು. ಚೆನ್ನಾಗಿ ಆರೈಕೆ ಮಾಡಿದರೆ ಒಂದು ಕಿಲೋ ಒಣಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಹಸಿ ಅಣಬೆ ದೊರೆಯುತ್ತದೆ.

ಎಡವುವುದೆಲ್ಲಿ?

ಈ ಎರಡನೆಯ ಹಂತದಲ್ಲಿಯೇ ಸಣ್ಣ ಬೆಳೆಗಾರರು ಹೆಚ್ಚಾಗಿ ಎಡವುವುದು. ಗಾಳಿ ಬಿಸಿಯಾದಷ್ಟೂ ಅದರ ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. ಬೆಳಿಗ್ಗೆ ೨೫ ಡಿಗ್ರಿಯಲ್ಲಿ ಶೇಕಡಾ ೯೦ರಷ್ಟು ತೇವವಿದ್ದ ಕೋಣೆಯು ಮಧ್ಯಾಹ್ನ ೩೦ ಡಿಗ್ರಿಗೆ ಏರಿದರೆ, ಒಂದು ಹನಿ ನೀರೂ ಹೊರಗೆ ಹೋಗದಿದ್ದರೂ ತೇವಾಂಶವು ಶೇಕಡಾ ೬೭ರ ಸಮೀಪಕ್ಕೆ ಇಳಿದಿರುತ್ತದೆ. ಆಗತಾನೆ ಮೂಡಿದ ಎಳೆಯ ಮೊಗ್ಗುಗಳು ಹಳದಿಗಟ್ಟಿ ಮುರುಟುತ್ತವೆ. ತೇವ ಆರೀತೆಂಬ ಭಯದಿಂದ ಬಾಗಿಲು ಕಿಟಕಿಗಳನ್ನು ಬಿಗಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಅಣಬೆಯೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ಹೊರಗಿನ ಗಾಳಿಯಲ್ಲಿ ಆ ಅನಿಲವು ಹತ್ತು ಲಕ್ಷ ಪಾಲಿಗೆ ಸುಮಾರು ೪೨೦ ಪಾಲಿನಷ್ಟಿದ್ದರೆ, ಮುಚ್ಚಿದ ಕೋಣೆಯಲ್ಲಿ ಸಾವಿರವನ್ನು ದಾಟುವುದಕ್ಕೆ ಹೊತ್ತು ಹಿಡಿಯದು. ಆಗ ಅಣಬೆಯ ಕಾಂಡವು ಗಾಳಿಯನ್ನರಸಿ ಉದ್ದವಾಗಿ ಬೆಳೆದು, ಕೊಡೆ ಚಿಕ್ಕದಾಗಿಯೇ ಉಳಿಯುತ್ತದೆ. ಸಂತೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ಹೀಗೆ ಬಾಗಿಲನ್ನು ತೆರೆದರೆ ತೇವ ಹೋಗುತ್ತದೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಇವೆರಡರ ನಡುವೆ ಮನೆಯ ತಾಯಿಯೊಬ್ಬಳು ದಿನಕ್ಕೆ ಐದಾರು ಸಲ ಗೋಣಿತಾಟಿಗೆ ನೀರು ಚಿಮುಕಿಸುತ್ತ, ಕಿಟಕಿಯನ್ನು ತೆರೆದು ಮುಚ್ಚುತ್ತ ಇರಬೇಕಾಗುತ್ತದೆ. ತವರಿನಲ್ಲಿ ಮದುವೆಯಿದ್ದರೂ ಹೋಗುವಂತಿಲ್ಲ, ಹೊಲದಲ್ಲಿ ಕಳೆ ತೆಗೆಯುವ ದಿನವೂ ಮನೆ ಬಿಡುವಂತಿಲ್ಲ. ಉಪಕಸುಬೆಂದು ಹಿಡಿದದ್ದು ಸೆರೆಮನೆಯಾಗುತ್ತದೆ. ಬೀಜ ಮತ್ತು ಹುಲ್ಲಿಗೆ ಹಾಕಿದ ಹಣ ಬಹುಮಟ್ಟಿಗೆ ಸಂಘದ ಸಾಲ. ಒಂದು ಬೆಳೆ ಕೆಟ್ಟರೆ ಕಂತು ನಿಲ್ಲುವುದಿಲ್ಲ. ಯಂತ್ರದ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿಯೇ ವಿಚಾರ ಮಾಡಬೇಕು.

ಯಂತ್ರದ ಅಂಗಗಳು

ವಸ್ತುಗಳ ಅಂತರ್ಜಾಲವೆಂಬ ಅರ್ಥದ ಹೆಸರನ್ನು ೧೯೯೯ರಲ್ಲಿ ಬ್ರಿಟನ್ನಿನ ಕೆವಿನ್ ಆಷ್ಟನ್ ಎಂಬ ತಂತ್ರಜ್ಞರು ಬಳಕೆಗೆ ತಂದರು. ಮನುಷ್ಯರು ಬರೆದು ತಿಳಿಸದೆಯೇ ವಸ್ತುಗಳು ತಮ್ಮ ಸ್ಥಿತಿಯನ್ನು ತಾವೇ ತಿಳಿಸುವಂತಾಗುವುದು ಅದರ ಭಾವ. ೨೦೦೫ರಲ್ಲಿ ಇಟಲಿಯ ಇವ್ರೆಯಾ ಎಂಬ ಪಟ್ಟಣದಲ್ಲಿ, ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳಿಗೂ ಸುಲಭವಾಗಲೆಂದು ಆರ್ಡುಯಿನೋ ಎಂಬ ಸಣ್ಣ ಗಣಕ ಹಲಗೆಯನ್ನು ರೂಪಿಸಿದರು. ೨೦೧೪ರಲ್ಲಿ ಚೀನದ ಶಾಂಘೈ ನಗರದ ಎಸ್‌ಪ್ರೆಸ್ಸಿಫ್ ಸಂಸ್ಥೆಯ ಇಎಸ್‌ಪಿ-೮೨೬೬ ಎಂಬ ಬಿಲ್ಲೆ ಬಂದಮೇಲೆ, ತಂತಿಯಿಲ್ಲದೆ ಅಂತರ್ಜಾಲವನ್ನು ಸೇರುವ ಇಂಥ ಹಲಗೆಯು ಕೆಲವು ನೂರು ರೂಪಾಯಿಗಳಿಗೆ ದೊರೆಯುವಂತಾಯಿತು. ಶ್ರೀಮಂತ ಕಾರ್ಖಾನೆಗಳ ಸೊತ್ತಾಗಿದ್ದ ವಿದ್ಯೆ ಹಿತ್ತಲ ಕೋಣೆಗೆ ಬಂದುದು ಹೀಗೆ.

ಅಣಬೆ ಕೋಣೆಯ ಯಂತ್ರದಲ್ಲಿ ನಾಲ್ಕು ಅಂಗಗಳಿರುತ್ತವೆ. ಮೊದಲನೆಯದು ಸೆನ್ಸರ್ ಎಂದು ರೂಢಿಯಲ್ಲಿರುವ ಸಂವೇದಕ; ಇದು ಉಷ್ಣತೆಯನ್ನೂ ತೇವಾಂಶವನ್ನೂ ಅಳೆಯುತ್ತದೆ. ಎರಡನೆಯದು ಆ ಅಳತೆಯನ್ನು ಓದಿ ನಿರ್ಣಯಿಸುವ ಗಣಕ ಹಲಗೆ. ಮೂರನೆಯದು ರಿಲೇ ಎಂಬ ಸ್ವಿಚ್ಚು. ಹಲಗೆಯ ಅಪ್ಪಣೆಯಂತೆ ಇದು ಮಂಜು ಹಾಯಿಸುವ ಪಂಪನ್ನೂ ಗಾಳಿ ಹೊರದೂಡುವ ಫ್ಯಾನನ್ನೂ ಚಾಲೂ ಮಾಡುತ್ತದೆ, ನಿಲ್ಲಿಸುತ್ತದೆ. ನಾಲ್ಕನೆಯದು ಮೊಬೈಲಿಗೆ ಸುದ್ದಿ ಮುಟ್ಟಿಸುವ ಸಂಪರ್ಕ. ತೇವ ಶೇಕಡಾ ೮೦ಕ್ಕಿಂತ ಇಳಿದರೆ ಮಂಜು ಹಾಯಲಿ, ೯೦ಕ್ಕೆ ಏರಿದೊಡನೆ ನಿಲ್ಲಲಿ, ಪ್ರತಿ ಗಂಟೆಗೆ ಇಷ್ಟು ನಿಮಿಷ ಫ್ಯಾನು ತಿರುಗಲಿ, ಉಷ್ಣತೆ ೩೦ನ್ನು ದಾಟಿದರೆ ಫೋನು ಕೂಗಲಿ. ಅದಕ್ಕೆ ಕೊಡುವ ಅಪ್ಪಣೆ ಇಷ್ಟೇ. ಮೇಲಿನ ಮಿತಿಯನ್ನು ಮರೆಯಬಾರದು. ಕೊಡೆಯ ಮೇಲೆ ನೀರು ನಿಂತರೆ ಕಂದುಚುಕ್ಕೆಯ ರೋಗ ಹತ್ತುತ್ತದೆ.

ಊರಿಗೆ ತಕ್ಕ ಲೆಕ್ಕ

ಒಂದೇ ಯಂತ್ರವು ಎಲ್ಲ ಊರುಗಳಲ್ಲಿ ಒಂದೇ ಫಲವನ್ನು ಕೊಡುವುದಿಲ್ಲ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದರಿಂದಲೇ. ಕಲಬುರ್ಗಿ, ರಾಯಚೂರು, ವಿಜಯಪುರಗಳ ಬೇಸಗೆಯ ಒಣಗಾಳಿಯು ೪೦ ಡಿಗ್ರಿಯಷ್ಟು ಬಿಸಿಯಿದ್ದು ತೇವ ಶೇಕಡಾ ೨೦ರಷ್ಟೇ ಇರುವಾಗ, ಲೆಕ್ಕದ ಪ್ರಕಾರ ಆವಿಯ ತಂಪು ಆ ಗಾಳಿಯನ್ನು ಸುಮಾರು ೨೩ ಡಿಗ್ರಿಯವರೆಗೆ ಇಳಿಸಬಲ್ಲುದು. ಆಚರಣೆಯಲ್ಲಿ ಅಷ್ಟು ಇಳಿಯದಿದ್ದರೂ ಒದ್ದೆ ಗೋಣಿಯ ಪರದೆ ಮತ್ತು ಮಂಜಿನಿಂದ ದೊಡ್ಡ ಉಪಕಾರವಾಗುತ್ತದೆ. ಆದರೆ ಅದಕ್ಕೆ ನೀರು ಹೇರಳವಾಗಿ ಬೇಕು, ಬೇಸಗೆಯಲ್ಲಿ ಆ ಸೀಮೆಗೆ ಕೊರತೆಯಾಗುವುದೂ ನೀರೇ.

ಮಂಗಳೂರು, ಉಡುಪಿ, ಕಾರವಾರಗಳ ಮಳೆಗಾಲದಲ್ಲಿ ಗಾಳಿಯು ೩೦ ಡಿಗ್ರಿಯಲ್ಲಿದ್ದು ತೇವ ಶೇಕಡಾ ೯೦ ಇದ್ದರೆ, ಎಷ್ಟು ಮಂಜು ಹಾಯಿಸಿದರೂ ಉಷ್ಣತೆ ಒಂದೂವರೆ ಡಿಗ್ರಿಗಿಂತ ಹೆಚ್ಚು ಇಳಿಯಲಾರದು. ಅಲ್ಲಿ ಮಂಜಿನ ಪಂಪಿಗಿಂತ ಫ್ಯಾನಿಗೆ ಕೆಲಸ ಹೆಚ್ಚು. ಮಾರಾಟಗಾರರು ಎರಡೂ ಕಡೆಗೆ ಒಂದೇ ಪೆಟ್ಟಿಗೆಯನ್ನು, ಒಂದೇ ಲೆಕ್ಕವನ್ನು ಕೊಟ್ಟರೆ ಅದು ಒಂದು ಕಡೆಗಾದರೂ ತಪ್ಪಾಗಿಯೇ ಇರುತ್ತದೆ. ತಮ್ಮ ಊರಿನ ಗಾಳಿಯ ಗುಣವನ್ನು ಮೊದಲು ತಿಳಿದು ಬಳಿಕ ಯಂತ್ರಕ್ಕೆ ಅಪ್ಪಣೆ ಕೊಡಬೇಕು.

ಕೊಳ್ಳುವವರು ನೋಡಬೇಕಾದುದು

ಸಂವೇದಕಗಳಲ್ಲಿ ಅಗ್ಗದವೂ ಇವೆ, ತಕ್ಕವೂ ಇವೆ. ಡಿಎಚ್‌ಟಿ-೧೧ ಎಂಬ ಅತಿ ಅಗ್ಗದ ಸಂವೇದಕವು ತೇವ ಹೆಚ್ಚಿದ ಕಡೆ ನಂಬಿಕೆಗೆ ಅರ್ಹವಲ್ಲ. ಅಣಬೆಗೆ ಬೇಕಾದ ಶೇಕಡಾ ೮೦ರ ಮೇಲಿನ ಅಳತೆಯಲ್ಲಿಯೇ ಅದು ಸೋಲುತ್ತದೆ. ಡಿಎಚ್‌ಟಿ-೨೨ ಅಥವಾ ಎಸ್‌ಎಚ್‌ಟಿ-೩೧ ಎಂಬುವು ಈ ಕೆಲಸಕ್ಕೆ ಒದಗುತ್ತವೆ. ಯಾವುದೇ ಆದರೂ ಸದಾ ತೇವದಲ್ಲಿರುವುದರಿಂದ ಕೆಲವು ತಿಂಗಳುಗಳಲ್ಲಿ ಅಳತೆ ದಾರಿ ತಪ್ಪುತ್ತದೆ.

ಅದನ್ನು ಪರೀಕ್ಷಿಸುವ ಉಪಾಯವು ಅಡುಗೆಮನೆಯಲ್ಲಿಯೇ ಇದೆ. ಒಂದು ಸಣ್ಣ ಬಟ್ಟಲಿನಲ್ಲಿ ಅಡುಗೆಯ ಉಪ್ಪನ್ನು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬೆರೆಸಬೇಕು. ಬಟ್ಟಲನ್ನೂ ಸಂವೇದಕವನ್ನೂ ಒಂದಕ್ಕೊಂದು ತಾಗದಂತೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಎಂಟು ಹತ್ತು ಗಂಟೆ ಇಡಬೇಕು. ೨೫ ಡಿಗ್ರಿಯ ಆಸುಪಾಸಿನಲ್ಲಿ ಆ ಡಬ್ಬಿಯೊಳಗಿನ ತೇವಾಂಶವು ಶೇಕಡಾ ೭೫ಕ್ಕೆ ಬಂದು ನಿಲ್ಲುತ್ತದೆ. ಸಂವೇದಕವು ೭೫ರ ಬದಲು ೮೨ ಎಂದು ತೋರಿಸಿದರೆ ಅದು ಏಳರಷ್ಟು ಹೆಚ್ಚು ಹೇಳುತ್ತಿದೆಯೆಂದು ತಿಳಿಯಬೇಕು. ಪ್ರತಿ ಬೆಳೆಯ ಮೊದಲು ಈ ಪರೀಕ್ಷೆ ಮಾಡುವುದು ಲೇಸು.

ಸಂವೇದಕವನ್ನು ಗೋಡೆಯ ಮೂಲೆಯಲ್ಲಿ ತೂಗುಹಾಕಿದರೆ ಅದು ಗೋಡೆಯ ಸುದ್ದಿಯನ್ನು ಹೇಳುತ್ತದೆ. ಚೀಲಗಳ ಮಟ್ಟದಲ್ಲಿ, ಮಂಜು ನೇರವಾಗಿ ಬೀಳದ ಕಡೆ ಇರಬೇಕು. ಎಳೆ ಹಬ್ಬುವಾಗ ಚೀಲದೊಳಗಿನ ಉಷ್ಣತೆಯು ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದೊಂದಿದೆ. ಪಂಪನ್ನು ನಡೆಸುವ ನಿರ್ಣಯವು ಕೋಣೆಯೊಳಗಿನ ಹಲಗೆಯಲ್ಲಿಯೇ ಆಗಬೇಕು. ಅಂತರ್ಜಾಲವು ಸುದ್ದಿ ಮುಟ್ಟಿಸುವುದಕ್ಕೆ ಮಾತ್ರ ಇರಬೇಕು. ಕೆಲವು ಯಂತ್ರಗಳು ಅಳತೆಯನ್ನು ದೂರದ ಗಣಕಕ್ಕೆ ಕಳುಹಿಸಿ, ಅಲ್ಲಿಂದ ಅಪ್ಪಣೆ ಬಂದ ಮೇಲೆ ಪಂಪನ್ನು ಚಾಲೂ ಮಾಡುತ್ತವೆ. ಗುಡುಗು ಮಳೆಗೆ ನೆಟ್‌ವರ್ಕ್ ಹೋದರೆ, ರೀಚಾರ್ಜ್ ಮುಗಿದರೆ, ಮಾರಿದ ಕಂಪನಿ ತನ್ನ ಸೇವೆಯನ್ನು ನಿಲ್ಲಿಸಿದರೆ ಅಂಥ ಯಂತ್ರವು ಗೋಡೆಗೆ ತೂಗುಹಾಕಿದ ಡಬ್ಬಿಯಾಗಿ ಉಳಿಯುತ್ತದೆ. ಕೊಳ್ಳುವಾಗ ಅಂಗಡಿಯಲ್ಲಿಯೇ ಅಂತರ್ಜಾಲವನ್ನು ಕಡಿಸಿ, ಪಂಪು ನಡೆಯುವುದೋ ನೋಡಬೇಕು. ಕರೆಂಟು ಹೋಗಿ ಬಂದಾಗ ಯಾರೂ ಮುಟ್ಟದೆ ತಾನಾಗಿಯೇ ಕೆಲಸಕ್ಕೆ ತೊಡಗುವುದೋ ಎಂಬುದನ್ನೂ ಪರೀಕ್ಷಿಸಬೇಕು.

ಒದ್ದೆಯ ಕೋಣೆಯಲ್ಲಿ ೨೩೦ ವೋಲ್ಟಿನ ವಿದ್ಯುತ್ತು ಹರಿಯುವುದೆಂಬುದನ್ನು ಯಾರೂ ಹಗುರವಾಗಿ ಕಾಣಬಾರದು. ೩೦ ಮಿಲಿಆಂಪಿಯರಿನಲ್ಲಿ ವಿದ್ಯುತ್ತನ್ನು ಕಡಿದುಹಾಕುವ ಆರ್‌ಸಿಸಿಬಿ ಎಂಬ ಬ್ರೇಕರನ್ನು ಹಾಕಿಸದೆ, ಸರಿಯಾದ ಅರ್ಥಿಂಗ್ ಇಲ್ಲದೆ, ಇಂಥ ಯಂತ್ರವನ್ನು ಮನೆಯಲ್ಲಿ ಕೂಡಿಸಬಾರದು. ಅಣಬೆ ಮತ್ತೆ ಬೆಳೆದೀತು, ಹೋದ ಜೀವ ಬಾರದು.

ಯಂತ್ರಕ್ಕೆ ತಿಳಿಯದ ಸಂಗತಿಗಳು

ಸಂವೇದಕವು ಶುಚಿತ್ವವನ್ನು ಅಳೆಯಲಾರದು. ಹುಲ್ಲನ್ನು ಸರಿಯಾಗಿ ಬಿಸಿ ಮಾಡದಿದ್ದರೆ ಚೀಲದಲ್ಲಿ ಹಸಿರು ಬೂಷ್ಟು ಏಳುತ್ತದೆ. ಆಗಲೂ ಯಂತ್ರವು ಎಲ್ಲವೂ ಕ್ಷೇಮವೆಂದೇ ಹೇಳುತ್ತಿರುತ್ತದೆ. ಹಳೆಯ ಬೀಜ, ಕೈತೊಳೆಯದೆ ತುಂಬಿದ ಚೀಲ, ಬಾಗಿಲ ಸಂದಿಯಿಂದ ನುಗ್ಗುವ ಸಣ್ಣ ನೊಣಗಳು, ಇವಾವುವೂ ಅದರ ಅರಿವಿಗೆ ಬರುವುದಿಲ್ಲ. ಹಸಿರು ಕಂಡ ಚೀಲವನ್ನು ಆ ದಿನವೇ ಹೊರಗೆ ಸಾಗಿಸುವ ಕಣ್ಣು ಮನೆಯವರದೇ ಆಗಬೇಕು.

ಚಿಪ್ಪಣಬೆಯು ಬಲಿತಂತೆ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಗಳು ಪುಡಿಯಂತೆ ಗಾಳಿಗೆ ಉದುರುತ್ತವೆ. ಬಹುಕಾಲ ಅದನ್ನು ಉಸಿರಾಡಿದವರಿಗೆ ಕೆಮ್ಮು, ಜ್ವರ, ಏದುಸಿರು ಕಾಣಿಸಿಕೊಳ್ಳುವುದುಂಟು. ಇದು ಶ್ವಾಸಕೋಶದ ರೋಗವೆಂದು ವೈದ್ಯಶಾಸ್ತ್ರವು ಗುರುತಿಸಿದೆ. ಕೊಡೆಯ ಅಂಚು ಮೇಲಕ್ಕೆ ಮಡಿಚುವ ಮೊದಲೇ ಕೊಯ್ಯುವುದು, ಒಳಹೋಗುವಾಗ ಮೂಗು ಬಾಯಿಗಳಿಗೆ ಒಳ್ಳೆಯ ಮಾಸ್ಕನ್ನು ಕಟ್ಟುವುದು, ಹೋಗುವ ಮೊದಲು ಫ್ಯಾನು ಹಾಕುವುದು ಅಗತ್ಯ. ಮೊಬೈಲಿನಿಂದಲೇ ಫ್ಯಾನು ಹಾಕಿ ಹತ್ತು ನಿಮಿಷದ ಬಳಿಕ ಒಳಹೋಗುವ ಅನುಕೂಲವು ಈ ಯಂತ್ರದಿಂದಾಗುವ ದೊಡ್ಡ ಲಾಭಗಳಲ್ಲೊಂದು.

ಮಾರುಕಟ್ಟೆಯನ್ನೂ ಯಂತ್ರ ತಿಳಿಯದು. ಹಸಿ ಚಿಪ್ಪಣಬೆ ಹೊರಗಿಟ್ಟರೆ ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಒಣಗಿಸಿದರೆ ಹತ್ತು ಕಿಲೋ ಹಸಿ ಅಣಬೆಯಿಂದ ಒಂದು ಕಿಲೋದಷ್ಟು ಉಳಿಯುತ್ತದೆ, ಆದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಯಂತ್ರವನ್ನೂ ಬೀಜವನ್ನೂ ಮಾರಿ, ಬೆಳೆದುದನ್ನೆಲ್ಲ ನಾವೇ ಕೊಳ್ಳುತ್ತೇವೆಂದು ಬಾಯಿಮಾತಿನ ಭರವಸೆ ಕೊಡುವವರ ವಿಷಯದಲ್ಲಿ ಎಚ್ಚರ ಬೇಕು. ಊರಿನ ಹತ್ತು ಮನೆ, ಎರಡು ಖಾನಾವಳಿ, ಒಂದು ವಾರದ ಸಂತೆಯನ್ನು ಗೊತ್ತುಮಾಡಿಕೊಂಡ ಮೇಲೆಯೇ ಚೀಲಗಳನ್ನು ಹೆಚ್ಚಿಸಬೇಕು.

ಇನ್ನೊಂದು ಎಚ್ಚರಿಕೆ. ಮೊಬೈಲಿನಲ್ಲಿ ಚಿತ್ರ ತೆಗೆದು ಕಾಡಿನ ಅಣಬೆಯನ್ನು ಗುರುತಿಸುವ ಸಾಧನಗಳೂ ಬಂದಿವೆ. ಅವುಗಳನ್ನು ನಂಬಿ, ಹೊಲದ ಬದುವಿನಲ್ಲೋ ಹುತ್ತದ ಮೇಲೋ ಎದ್ದುದನ್ನು ಯಾರೂ ತಿನ್ನಬಾರದು. ವಿಷದ ಅಣಬೆಗಳಲ್ಲಿ ಕೆಲವು, ತಿಂದ ಅನೇಕ ಗಂಟೆಗಳ ಬಳಿಕ ತಮ್ಮ ಗುಣವನ್ನು ತೋರಿಸಿ ಯಕೃತ್ತನ್ನು ಕೆಡಿಸುತ್ತವೆ.

ಕರೆಗಂಟೆ ಯಾರ ಕೈಯಲ್ಲಿ?

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ಮನೆಗಳು ಅಗತ್ಯವಾಗಿ ವಿಚಾರ ಮಾಡಬೇಕಾದ ಸಂಗತಿಗೆ ಬರುತ್ತೇವೆ. ಕೋಣೆಯಲ್ಲಿ ದುಡಿಯುವವಳು ಮನೆಯ ಸೊಸೆ ಅಥವಾ ಅತ್ತೆ. ಆದರೆ ಯಂತ್ರವನ್ನು ಕೊಂಡುತಂದು ಕೂಡಿಸುವವನು ಪಟ್ಟಣದಲ್ಲಿ ಓದಿದ ಮಗ. ಒಳ್ಳೆಯ ಮೊಬೈಲು ಇರುವುದೂ ಅವನಲ್ಲಿಯೇ. ಆದುದರಿಂದ ಕೋಣೆ ಬಿಸಿಯಾದ ಸುದ್ದಿ ಬೆಂಗಳೂರಿನಲ್ಲಿ ಕಚೇರಿಯಲ್ಲಿ ಕುಳಿತವನಿಗೆ ಮುಟ್ಟುತ್ತದೆ. ಅವನು ಬಿಡುವಾದಾಗ ತಂದೆಗೆ ಫೋನು ಮಾಡುತ್ತಾನೆ, ತಂದೆ ಹೊಲದಲ್ಲಿರುತ್ತಾರೆ. ಹಿತ್ತಲಲ್ಲಿ ಹತ್ತು ಹೆಜ್ಜೆ ದೂರದಲ್ಲಿದ್ದ ತಾಯಿಗೆ ಸುದ್ದಿ ಮುಟ್ಟುವಾಗ ಮೊಗ್ಗು ಬಾಡಿರುತ್ತದೆ. ಸಾಲದುದಕ್ಕೆ, ಹನ್ನೊಂದು ಗಂಟೆಗೆ ಬಾಗಿಲು ಏಕೆ ತೆರೆದಿತ್ತು, ಎರಡು ಗಂಟೆಗೆ ನೀರು ಏಕೆ ಬೀಳಲಿಲ್ಲ ಎಂದು ಅವಳನ್ನೇ ಪ್ರಶ್ನಿಸುವ ಪ್ರಸಂಗವೂ ಒದಗುತ್ತದೆ. ಅವಳ ಬೇಡಿಯನ್ನು ಸಡಿಲಿಸಬೇಕಾಗಿದ್ದ ಯಂತ್ರವು ಅವಳ ಮೇಲಿನ ಕಾವಲುಗಾರನಾಗುತ್ತದೆ. ಇದು ಯಂತ್ರದ ದೋಷವಲ್ಲ, ಅದನ್ನು ಮನೆಯೊಳಗೆ ಕೂಡಿಸಿದ ರೀತಿಯ ದೋಷ.

ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಮೊದಲನೆಯ ಕರೆ ದುಡಿಯುವವಳ ಮೊಬೈಲಿಗೇ ಬರಬೇಕು. ಅವಳಲ್ಲಿ ಸಾದಾ ಫೋನು ಮಾತ್ರ ಇದ್ದರೆ ಕರೆಯೋ ಸಂದೇಶವೋ ಬರುವಂತೆ ಮಾಡಬಹುದು. ಅದೂ ಇಲ್ಲದಿದ್ದರೆ ಅಡುಗೆಮನೆಯಲ್ಲಿ ಒಂದು ಕೆಂಪು ದೀಪ, ಒಂದು ಗಂಟೆ ಸಾಕು. ಅಕ್ಷರ ಕನ್ನಡದಲ್ಲಿರಬೇಕು. ಮಿತಿಯ ಅಂಕಿಗಳನ್ನು ಬದಲಿಸುವ ಅಧಿಕಾರವೂ, ಯಂತ್ರವನ್ನು ನಿಲ್ಲಿಸಿ ಕೈಯಿಂದಲೇ ನಡೆಸುವ ಸ್ವಿಚ್ಚೂ ಅವಳ ಸ್ವಾಧೀನದಲ್ಲಿರಬೇಕು. ಬೆಳೆಯ ಹಣವು ಅವಳ ಖಾತೆಗೆ ಜಮೆಯಾಗುವುದಾದರೆ ಉಳಿದ ಮಾತುಗಳು ತಾವಾಗಿಯೇ ನೇರವಾಗುತ್ತವೆ. ಹೀಗೆ ಮಾಡಿದ ಮನೆಯಲ್ಲಿ ಅವಳು ಒಂದು ದಿನ ತವರಿಗೂ ಹೋಗಿ ಬರಬಹುದು, ಮಕ್ಕಳ ಶಾಲೆಯ ಸಭೆಗೂ ಹೋಗಬಹುದು. ಆ ಬಿಡುವನ್ನೂ ಲಾಭದ ಲೆಕ್ಕದಲ್ಲಿ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.

ವೆಚ್ಚದ ಕ್ರಮ

ಕೊನೆಯದಾಗಿ, ಹಣವನ್ನು ಯಾವ ಕ್ರಮದಲ್ಲಿ ವಿನಿಯೋಗಿಸಬೇಕೆಂದು ಹೇಳಿ ಮುಗಿಸುತ್ತೇವೆ. ಮೊದಲ ವೆಚ್ಚವು ತರಬೇತಿಗೂ ನಂಬಿಕೆಯ ಕಡೆಯಿಂದ ತಂದ ಹೊಸ ಬೀಜಕ್ಕೂ ಆಗಬೇಕು. ಎರಡನೆಯದು ಕೋಣೆಗೆ: ಹೆಂಚು ಅಥವಾ ಗರಿಯ ನೆರಳು, ಗೋಣಿಯ ಪರದೆ, ಕಿಟಕಿಗೆ ನೊಣ ಬಾರದ ಜಾಳಿಗೆ. ಮೂರನೆಯದು ಉಷ್ಣತೆ ಮತ್ತು ತೇವವನ್ನು ತೋರಿಸುವ ಒಂದು ಸಾದಾ ಮಾಪಕ. ಮೊದಲ ಎರಡು ಬೆಳೆಗಳನ್ನು ಹತ್ತಿಪ್ಪತ್ತು ಚೀಲಗಳಲ್ಲಿ ಕೈಯಿಂದಲೇ ಮಾಡಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಅಳತೆಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಯಾವ ಹೊತ್ತಿನಲ್ಲಿ ಕೋಣೆ ಕೆಡುತ್ತದೆಂಬುದು ಆ ವಹಿಯಿಂದಲೇ ತಿಳಿಯುತ್ತದೆ.

ಅನಂತರವೇ ಯಂತ್ರ. ಅದರಲ್ಲಿಯೂ ಮೊದಲು ಎಚ್ಚರಿಸುವ ಯಂತ್ರ, ಆಮೇಲೆ ತಾನೇ ನಡೆಸುವ ಯಂತ್ರ. ಹತ್ತು ಮನೆಗಳ ಸಂಘವಾದರೆ, ಸಂಪರ್ಕವನ್ನು ಒಂದಾಗಿ ಪಡೆದು ವೆಚ್ಚವನ್ನು ಹಂಚಿಕೊಳ್ಳಬಹುದು. ಕೆಟ್ಟಾಗ ರಿಪೇರಿ ಮಾಡುವುದನ್ನು ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ಕಲಿಸಿಡಬಹುದು. ಬೆಳೆ ಮುಗಿದ ಹುಲ್ಲು ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ, ಅದನ್ನು ಎಸೆಯಬಾರದು.

ಹುಲ್ಲನ್ನು ಬೇಯಿಸುವುದು, ಚೀಲವನ್ನು ತುಂಬುವುದು, ಹಸಿರು ಕಂಡುದನ್ನು ಎತ್ತಿ ಹೊರಗಿಡುವುದು, ಇವೆಲ್ಲ ಮನುಷ್ಯರ ಕೆಲಸವಾಗಿಯೇ ಉಳಿಯುತ್ತವೆ. ಮಧ್ಯಾಹ್ನದ ಬಿಸಿಗೂ ನಡುರಾತ್ರಿಯ ಒಣಗಾಳಿಗೂ ಎಚ್ಚರವಾಗಿರುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಈ ವಿಭಾಗವನ್ನು ಅರಿತು ನಡೆಸಿದ ಮನೆಗೆ ಸಣ್ಣ ಕೋಣೆಯಿಂದಲೂ ಒಂದು ಗೌರವದ ಆದಾಯ ಬರಲಿ, ದುಡಿದ ತಾಯಿಗೆ ರಾತ್ರಿಯ ನಿದ್ದೆಯೂ ದಕ್ಕಲಿ ಎಂದು ಹಾರೈಸುತ್ತೇವೆ.